ಓದಿದ್ದು ವಾರಕ್ಕೇ ಮರೆಯುವುದೇಕೆ?

ಪ್ರಶ್ನೆ: ಪರೀಕ್ಷೆಗೆ ಮಕ್ಕಳು ಮತ್ತೆ ಮತ್ತೆ ಓದುವುದನ್ನೇ ಏಕೆ ಆರಿಸಿಕೊಳ್ಳುತ್ತಾರೆ? (ಮುಳಬಾಗಿಲಿನಿಂದ)

ಉತ್ತರ: ಓದುವಾಗ ಸಿಗುವ ಸಲೀಸೇ ಅವರನ್ನು ವಂಚಿಸುತ್ತದೆ. ಮೂರನೇ ಸಲ ತಿರುವಿದ ಪುಟ ಪರಿಚಿತವೆನಿಸುತ್ತದೆ. ಆ ಪರಿಚಯವನ್ನೇ ಮನಸ್ಸು ಕಲಿಕೆಯೆಂದು ಜಮಾ ಮಾಡಿಕೊಳ್ಳುತ್ತದೆ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ಸಲ ಓದಿದವರು ಐದು ನಿಮಿಷದ ಬಳಿಕ ಶೇ 81ರಷ್ಟು ನೆನಪಿಸಿಕೊಂಡರು. ಒಮ್ಮೆ ಓದಿ, ಆಮೇಲೆ ನೋಡದೆ ಬರೆದವರು ಶೇ 75ರಷ್ಟು. ವಾರ ಕಳೆದಾಗ ಲೆಕ್ಕ ತಿರುಗುಮುರುಗು: 42ಕ್ಕೆ 56. ಹಿಂದಿನ ರಾತ್ರಿಯ ಓದು ಕಿರುಪರೀಕ್ಷೆಯಲ್ಲಿ ಫಲ ಕೊಡುವುದರಿಂದಲೇ ಮಕ್ಕಳು ಅದಕ್ಕೆ ಅಂಟಿಕೊಳ್ಳುತ್ತಾರೆ. ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಅದು ಕೈಕೊಡುತ್ತದೆ.

ಕೋಲಾರ, ಮಾಲೂರು, ಶ್ರೀನಿವಾಸಪುರದ ಅನೇಕ ಮನೆಗಳಲ್ಲಿ ಮಾತು ತೆಲುಗು, ಪಾಠ ಕನ್ನಡ. ಹಾಗಾಗಿ ಅಲ್ಲಿನ ಮಕ್ಕಳಿಗೆ ಉರು ಹೊಡೆಯದೆ ಗತಿಯಿಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಉರು ಹೊಡೆದದ್ದನ್ನು ಪುಸ್ತಕ ಮುಚ್ಚಿ ಒಪ್ಪಿಸುವುದೂ ನೆನಪಿನ ಪರೀಕ್ಷೆಯೇ. (ಮಗ್ಗಿ ಒಪ್ಪಿಸುತ್ತಿದ್ದ ತಲೆಮಾರಿಗೆ ಇದು ಪ್ರಯೋಗಾಲಯವಿಲ್ಲದೆಯೇ ಗೊತ್ತಿತ್ತು.) ಅರ್ಥವೇ ಆಗದ ಸೂತ್ರಕ್ಕೆ ಮಾತ್ರ ಈ ಮದ್ದು ನಾಟದು, ಅಲ್ಲಿ ಮೊದಲು ಮೇಷ್ಟ್ರೇ ಬೇಕು. ಮಿಕ್ಕಂತೆ, ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಯನ್ನು ಉತ್ತರ ನೋಡಿ ಓದುವ ಬದಲು, ಜನವರಿಯಲ್ಲೇ ನೋಡದೆ ಬರೆದರೆ ತಪ್ಪು ಎಲ್ಲಿದೆಯೆಂದು ಮನೆಯಲ್ಲೇ ಕಾಣುತ್ತದೆ.