ಗಂಡಿಲ್ಲದ ಹಕ್ಕಿ ತತ್ತಿಯಿಟ್ಟರೆ

ಕಮತಗಿಯಂಥ ನಮ್ಮ ಊರುಗಳಲ್ಲಿ ಮನೆಯ ಪ್ರಾಣಿಯೆಂದರೆ ಆಕಳು, ಎಮ್ಮೆ, ಕಾವಲಿಗೊಂದು ನಾಯಿ ಎಂಬ ಕಾಲವಿತ್ತು. ಈಗ ಮಗ್ಗದ ಮನೆಗಳ ಪಡಸಾಲೆಯಲ್ಲಿಯೂ ಪಂಜರಗಳು ತೂಗುತ್ತಿವೆ. ಒಳಗೆ ಜುಟ್ಟು ನಿಮಿರಿಸಿ, ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಬೊಟ್ಟು ಹೊತ್ತು ಕುಳಿತಿರುವ ಹಕ್ಕಿಯ ಹೆಸರು ಕಾಕಟೀಲ್. ಆಸ್ಟ್ರೇಲಿಯಾ ಖಂಡದ ಒಳನಾಡಿನ ಒಣ ಬಯಲು ಇದರ ಮೂಲಸ್ಥಾನ. ನಮ್ಮ ಹೊಲಗಳ ಹಸಿರು ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇರೆಗೆ ಅಪರಾಧವಾದ್ದರಿಂದ, ಪಂಜರದಲ್ಲಿಯೇ ತಲೆಮಾರುಗಳಿಂದ ಹುಟ್ಟಿ ಬೆಳೆಯುತ್ತ ಬಂದ ಈ ಹಕ್ಕಿಯ ಕಡೆಗೆ ಜನರು ಹೊರಳಿದ್ದಾರೆ. ಸರಿಯಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬಾಳುವ ಜೀವ ಇದು. ಕೊಳ್ಳುವ ಮುನ್ನ ಈ ಮಾತನ್ನು ಯೋಚಿಸುವವರು ಕಡಿಮೆ.

ಮನುಷ್ಯರ ವೈದ್ಯರಾದ ನಾವು ಹಕ್ಕಿಯನ್ನು ಕುರಿತು ಬರೆಯುವುದೇಕೆಂದು ವಾಚಕರು ಕೇಳಬಹುದು. ಮೊಣಕಾಲು ನೋವಿಗೆ ತೈಲ ಒಯ್ಯಲು ಬಂದ ತಾಯಿಯೊಬ್ಬರು ಬಾಗಿಲವರೆಗೆ ಹೋಗಿ, ತಿರುಗಿ ನಿಂತು, “ಡಾಕ್ಟ್ರ, ಮನ್ಯಾಗ ಇರೂದು ಒಂದ ಹಕ್ಕಿರಿ. ಜೋಡಿ ಇಲ್ಲ, ಏನಿಲ್ಲ. ತತ್ತಿ ಇಡಾಕತ್ತೈತಿ. ಮನಿಗೆ ಕೇಡೇನಲ್ಲಲ್ರೀ?” ಎಂದು ಕೇಳಿದರು. ಅಂಗಡಿಯವನು ಗಂಡೆಂದು ಹೇಳಿ ಕೊಟ್ಟ ಆ ಹಕ್ಕಿಗೆ ಮಕ್ಕಳು ರಾಜಾ ಎಂದು ಹೆಸರಿಟ್ಟಿದ್ದರಂತೆ. ಇಂಥ ಪ್ರಶ್ನೆಗಳು ಆಮೇಲೆಯೂ ಬಂದವು. ನಾವು ಪಶುವೈದ್ಯರನ್ನು ವಿಚಾರಿಸಿ, ತಿಳಿದವರ ಗ್ರಂಥಗಳನ್ನು ನೋಡಿ ಉತ್ತರ ಹೇಳುತ್ತ ಬಂದೆವು. ಕಲ್ಯಾಣ ಚಾಲುಕ್ಯರ ಅರಸುಮನೆತನದ ಕೀರ್ತಿವರ್ಮನು ಕನ್ನಡದಲ್ಲಿಯೇ ‘ಗೋವೈದ್ಯ’ವನ್ನು ಬರೆದ ನಾಡು ನಮ್ಮದು, ಮೂಕಜೀವಿಯ ನೋವನ್ನು ವೈದ್ಯನು ಕೇಳಿಸಿಕೊಳ್ಳುವುದು ಇಲ್ಲಿ ಹೊಸತಲ್ಲ.

ಕೇಡಿನ ಮಾತು ಮೊದಲು. ತತ್ತಿಯಿಡಲು ಹೆಣ್ಣು ಹಕ್ಕಿಗೆ ಗಂಡು ಬೇಕಿಲ್ಲ. ಗಂಡು ಬೇಕಾಗುವುದು ಆ ತತ್ತಿಯಲ್ಲಿ ಮರಿಯಾಗಲು ಮಾತ್ರ. ಕೋಳಿ ಫಾರ್ಮುಗಳಲ್ಲಿ ಹುಂಜವಿಲ್ಲದೆಯೇ ಕೋಳಿಗಳು ದಿನವೂ ತತ್ತಿಯಿಡುವುದನ್ನು ಎಲ್ಲರೂ ಬಲ್ಲರು. ಒಂಟಿ ಕಾಕಟೀಲಿನ ತತ್ತಿಯಲ್ಲಿ ಜೀವಾಂಕುರವಿಲ್ಲ, ಎಷ್ಟು ಕಾವು ಕೊಟ್ಟರೂ ಅದು ಒಡೆದು ಮರಿ ಬರಲಾರದು. ಆದ್ದರಿಂದ ಶಕುನದ ಭಯವೂ ಬೇಡ, ತತ್ತಿಯನ್ನು ವಿಸರ್ಜಿಸಿದರೆ ಜೀವಹತ್ಯೆಯಾದೀತೆಂಬ ಅಳುಕೂ ಬೇಡ.

ಆದರೆ ವಿಸರ್ಜಿಸಲು ಅವಸರ ಮಾಡಕೂಡದು. ಈ ಪತ್ರಿಕೆಯ ವಾಚಕರಲ್ಲಿ ಬಹುಪಾಲು ಶಾಕಾಹಾರಿಗಳು. ತತ್ತಿ ಕಂಡೊಡನೆ ಕಾಗದದಲ್ಲಿ ಹಿಡಿದೆತ್ತಿ ತಿಪ್ಪೆಗೆ ಹಾಕಿ, ಪಂಜರ ತೊಳೆದು, ಮನೆ ಶುದ್ಧವಾಯಿತೆಂದು ಸಮಾಧಾನಪಡುತ್ತಾರೆ. ಹಕ್ಕಿಯ ಸಂಕಟ ಆರಂಭವಾಗುವುದು ಅಲ್ಲಿಂದಲೇ. ಕಾಕಟೀಲ್ ಸಾಮಾನ್ಯವಾಗಿ ಒಂದು ದಿನ ಬಿಟ್ಟು ಒಂದು ದಿನದಂತೆ ನಾಲ್ಕರಿಂದ ಆರು ತತ್ತಿಯಿಟ್ಟು, ಸಂಖ್ಯೆ ತುಂಬಿತೆಂದು ತಿಳಿದು, ನಿಲ್ಲಿಸಿ ಕಾವಿಗೆ ಕೂಡುತ್ತದೆ. ಇಟ್ಟ ತತ್ತಿ ಮಾಯವಾದರೆ ಅದರ ಸಂಖ್ಯೆ ತುಂಬುವುದೇ ಇಲ್ಲ. ಕಳೆದುದಕ್ಕೆ ಬದಲಾಗಿ ಇನ್ನೊಂದು, ಅದು ಕಳೆದರೆ ಮತ್ತೊಂದು. ಮೇಲೆ ಹೇಳಿದ ಮನೆಯಲ್ಲಿ ಎರಡು ತಿಂಗಳೊಳಗೆ 14 ತತ್ತಿಗಳಾಗಿದ್ದವು.

ಹಕ್ಕಿಗೆ ಇದರ ಬೆಲೆಯೆಷ್ಟು? ಕಾಕಟೀಲಿನ ತೂಕ 80ರಿಂದ 100 ಗ್ರಾಂ. ತತ್ತಿಯ ತೂಕ ಸುಮಾರು 5 ಗ್ರಾಂ. 50 ಕಿಲೋ ತೂಗುವ ಹೆಣ್ಣುಮಗಳೊಬ್ಬಳು ದಿನ ಬಿಟ್ಟು ದಿನ ಎರಡೂವರೆ-ಮೂರು ಕಿಲೋ ತೂಕದ ಕೂಸನ್ನು ಹೆತ್ತಂತೆ. ತತ್ತಿಯ ಸಿಪ್ಪೆಯೆಲ್ಲ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ಆಹಾರದಲ್ಲಿ ಅದು ಸಾಲದಿದ್ದಾಗ ಹಕ್ಕಿಯ ದೇಹ ಅದನ್ನು ತನ್ನ ಎಲುಬಿನಿಂದಲೇ ತೆಗೆಯುತ್ತದೆ. ನಮ್ಮ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಅಸ್ಥಿಧಾತುವಿನ ಕ್ಷಯ. ಎಲುಬು ಟೊಳ್ಳಾಗಿ ಮುರಿಯಬಹುದು, ಸ್ನಾಯುಗಳು ಬಲಗುಂದಿ ತತ್ತಿ ಹೊರಬಾರದೆ ಒಳಗೇ ಸಿಕ್ಕಿಕೊಳ್ಳಬಹುದು.

ಹಾಗಾದರೆ ಇಟ್ಟ ತತ್ತಿಗಳನ್ನು ಅಲ್ಲಿಯೇ ಬಿಡಿರಿ. ಹಕ್ಕಿ ಸುಮಾರು ಮೂರು ವಾರ ಅವುಗಳ ಮೇಲೆ ಕುಳಿತು, ಮರಿಯಾಗದೆಂದು ಕಂಡು ತಾನೇ ಬಿಟ್ಟು ಏಳುತ್ತದೆ. ಆಗ ತೆಗೆದು ಹಾಕಬಹುದು. ನಡುವೆ ತತ್ತಿ ಒಡೆದರೆ ಅದನ್ನು ತೆಗೆದು, ಅದೇ ಅಳತೆಯ ಪ್ಲಾಸ್ಟಿಕ್ ತತ್ತಿಯನ್ನೋ, ಬಡಿಗೇರರಿಂದ ಮಾಡಿಸಿದ ಬಣ್ಣ ಬಳಿಯದ ಕಟ್ಟಿಗೆಯ ತತ್ತಿಯನ್ನೋ ಇಡಿರಿ. ಹಕ್ಕಿಗೆ ಅಷ್ಟು ಸಾಕು. ಕಾವು ಕುಳಿತ ದಿನಗಳಲ್ಲಿ ಅದು ಮಲವನ್ನು ತಡೆದಿಟ್ಟುಕೊಂಡು ಒಮ್ಮೆಲೇ ದೊಡ್ಡದಾಗಿ, ದುರ್ವಾಸನೆಯಿಂದ ವಿಸರ್ಜಿಸುತ್ತದೆ. ಅದು ರೋಗವಲ್ಲ.

ಇಷ್ಟರಿಂದ ಈ ಸಲದ ಸರಣಿ ನಿಂತೀತು. ಮುಂದಿನದನ್ನು ತಡೆಯಬೇಕಾದರೆ ಕಾರಣಕ್ಕೆ ಹೋಗಬೇಕು. ನಿದಾನಪರಿವರ್ಜನ, ಎಂದರೆ ರೋಗಕಾರಣವನ್ನು ದೂರಮಾಡುವುದು, ಆಯುರ್ವೇದದಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆ. ಈ ಹಕ್ಕಿಯ ವಿಷಯದಲ್ಲಿ ಮುಕ್ಕಾಲುಪಾಲು ಚಿಕಿತ್ಸೆಯೇ ಅದು. ತವರಿನ ಬಯಲಿನಲ್ಲಿ ಕಾಕಟೀಲ್ ಮಳೆಯಾಗಿ ಹುಲ್ಲು ತೆನೆಗಟ್ಟಿದಾಗ, ಮರದ ಪೊಟರೆಯಲ್ಲಿ ತತ್ತಿಯಿಡುತ್ತದೆ. ದೀರ್ಘ ಹಗಲು, ಸಮೃದ್ಧ ಕಾಳು, ಕತ್ತಲೆಯ ಮರೆ, ಜೊತೆಗಾರನ ಸ್ಪರ್ಶ: ಇವು ಕೂಡಿದರೆ ಋತು ಬಂದಿತೆಂದು ಅದರ ದೇಹ ತಿಳಿಯುತ್ತದೆ. ನಾವು ಅರಿಯದೆಯೇ ಇವೆಲ್ಲವನ್ನೂ ವರ್ಷವಿಡೀ ಒದಗಿಸುತ್ತಿದ್ದೇವೆ.

ಬೆಳಕನ್ನೇ ನೋಡಿರಿ. ನಮ್ಮ ಸೀಮೆಯಲ್ಲಿ ವರ್ಷದ ಅತಿ ದೀರ್ಘ ಹಗಲು ಸುಮಾರು 13 ತಾಸು. ಆದರೆ ಸೀರೆಯ ಗಡುವಿದ್ದ ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ದೀಪ ಉರಿಯುತ್ತದೆ, ಮಗ್ಗವಿಲ್ಲದ ಮನೆಯಲ್ಲಿ ಟಿ.ವಿ. ಉರಿಯುತ್ತದೆ. ಬೆಳಗಿನ ಆರಕ್ಕೆ ಎದ್ದ ಹಕ್ಕಿಗೆ ಹಗಲು 17 ತಾಸಾಯಿತು! ನಮ್ಮ ಅಭಿಪ್ರಾಯದಲ್ಲಿ ಈ ಭಾಗದ ಹಕ್ಕಿಗಳ ಮುಖ್ಯ ಶತ್ರು ಈ ದೀಪವೇ. ಸಂಜೆ ಆರಕ್ಕೆ ಪಂಜರವನ್ನು ಸದ್ದಿಲ್ಲದ ಕತ್ತಲೆಯ ಒಳಕೋಣೆಗೆ ಒಯ್ದಿಟ್ಟು ಮುಂಜಾನೆ ಎಂಟಕ್ಕೆ ಹೊರತನ್ನಿರಿ. ಬೆಳಕು 10 ತಾಸು ಮೀರದಿರಲಿ. ಕೆಲವು ವಾರ ತಪ್ಪದೆ ಹೀಗೆ ಮಾಡಬೇಕು. ಒಳಕೋಣೆ ಇಲ್ಲದವರು ತೆಳುವಾದ ನೂಲಿನ ಬಟ್ಟೆಯನ್ನು ಎರಡು ಪದರಾಗಿ ಹೊದಿಸಬಹುದು. ಬೇಸಿಗೆಯಲ್ಲಿ ಕೌದಿ ಹೊದಿಸಿದರೆ ಹಕ್ಕಿ ಸೆಕೆಗೆ ಬಳಲೀತು.

ಎರಡನೆಯದು ಮರೆ. ಹೊರಸಿನ ಕೆಳಗೆ, ಕಪಾಟಿನ ಹಿಂದೆ, ಕಂಡಿಕೆಗಳ ಬುಟ್ಟಿಯೊಳಗೆ ನುಗ್ಗುವ ಹಕ್ಕಿ ಆಡುತ್ತಿಲ್ಲ, ಗೂಡು ಹುಡುಕುತ್ತಿದೆ. ಅಲ್ಲಿಗೆ ಬಿಡಬೇಡಿರಿ. ನೂಲಿನ ಬುಟ್ಟಿಯಲ್ಲಿ ಇನ್ನೊಂದು ಅಪಾಯವೂ ಇದೆ: ರೇಷ್ಮೆಯ ಒಂದೆಳೆ ಕಾಲಿಗೆ ಸುತ್ತಿಕೊಂಡರೆ ರಕ್ತಸಂಚಾರ ನಿಂತು ಬೆರಳೇ ಉದುರಬಹುದು. ಪಂಜರದ ಕನ್ನಡಿಯನ್ನು ತೆಗೆಯಿರಿ. ಅದರೊಳಗಿನ ಹಕ್ಕಿಯನ್ನು ಇದು ಜೋಡಿಯೆಂದು ಭಾವಿಸುತ್ತದೆ. ಮುದ್ದಿಸುವುದು ತಲೆ, ಕುತ್ತಿಗೆಗಷ್ಟೇ ಇರಲಿ. ಬೆನ್ನನ್ನೂ ರೆಕ್ಕೆಯ ಅಡಿಯನ್ನೂ ನೇವರಿಸುವುದು ಹಕ್ಕಿಯ ಭಾಷೆಯಲ್ಲಿ ಬೇರೆಯೇ ಅರ್ಥ ಕೊಡುತ್ತದೆ. ಮಕ್ಕಳಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟ, ಆದರೆ ಹೇಳಬೇಕು. ಒಂದು ಗಂಡು ತಂದರೆ ಸರಿಹೋದೀತೆಂದು ಹಲವರು ಸಲಹೆ ಕೊಡುತ್ತಾರೆ. ತತ್ತಿ ನಿಲ್ಲುವುದಿಲ್ಲ, ಮರಿಗಳು ಸೇರಿಕೊಳ್ಳುತ್ತವೆ.

ಇನ್ನು ಆಹಾರ. ನಮ್ಮ ಹುನಗುಂದ, ಇಳಕಲ್ಲ ಸೀಮೆಯಲ್ಲಿ ಹಕ್ಕಿಗೆ ನವಣೆ, ಸಜ್ಜೆ, ಒಡೆದ ಜೋಳ ಹಾಕುವುದು ರೂಢಿ. ಒಳ್ಳೆಯ ಕಾಳುಗಳೇ, ಆದರೆ 100 ಗ್ರಾಂ ನವಣೆಯಲ್ಲಿ ಕ್ಯಾಲ್ಸಿಯಂ 31 ಮಿಲಿಗ್ರಾಂ, ಜೋಳದಲ್ಲಿ 25, ಸಜ್ಜೆಯಲ್ಲಿ 42 ಮಾತ್ರ. ರಾಗಿಯಲ್ಲಿ 344 ಇದೆ. ಹಸಿಯ ನುಗ್ಗೆಸೊಪ್ಪಿನಲ್ಲಿ 440. ಹಿತ್ತಲಿನ ನುಗ್ಗೆಯ ಒಂದು ಕಡ್ಡಿಯನ್ನು ತೊಳೆದು ಪಂಜರಕ್ಕೆ ಸಿಕ್ಕಿಸಿದರೆ ಹಕ್ಕಿ ಆಡುತ್ತಲೇ ತಿನ್ನುತ್ತದೆ. ನೆನೆಸಿ ಮೊಳಕೆ ಬರಿಸಿದ ರಾಗಿ, ಹೆಸರುಕಾಳು ತತ್ತಿಯಿಡುವ ದಿನಗಳಲ್ಲಿ ಯೋಗ್ಯ. ಬೇಯಿಸಿದ ಕೋಳಿತತ್ತಿಯನ್ನೇ ಕೊಡಬೇಕೆಂದಿಲ್ಲ. ಪಾಲಕ್ ಬೇಡ, ಅದರ ಆಮ್ಲಾಂಶ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ಸೂರ್ಯಕಾಂತಿ, ಕುಸುಬೆಯ ಬೀಜಗಳು ಕೊಬ್ಬು ಹೆಚ್ಚಿಸುವುದರಿಂದ ನಾಲ್ಕಾರು ಕಾಳಿಗಿಂತ ಹೆಚ್ಚು ಬೇಡ. ತತ್ತಿಯ ದಿನಗಳು ಮುಗಿದ ಮೇಲೆ ಮೊಳಕೆಯನ್ನೂ ಮೆತ್ತನೆಯ ತಿನಿಸನ್ನೂ ಕಡಿಮೆ ಮಾಡಿ, ದಿನಕ್ಕೆ ತಕ್ಕಷ್ಟೇ ಕಾಳು ಹಾಕಿರಿ. ಬಟ್ಟಲು ಸದಾ ತುಂಬಿ ತುಳುಕಿದರೆ ಹಕ್ಕಿಗೆ ನಿತ್ಯವೂ ಸುಗ್ಗಿ.

ಹಕ್ಕಿ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಬಿಳಿಯ ಬಿಲ್ಲೆಯೊಂದನ್ನು ಕೆಲವರು ಕಲ್ಲೆಂದು ತಿಳಿದಿದ್ದಾರೆ. ಅದು ಕಲ್ಲಲ್ಲ, ನಮ್ಮ ದ್ರವ್ಯಗುಣದ ಸಮುದ್ರಫೇನ. ಒಂದು ಕಡಲಜೀವಿಯ ಒಳಚಿಪ್ಪು. ಅದನ್ನು ಪಂಜರಕ್ಕೆ ಕಟ್ಟಿದರೆ ಹಕ್ಕಿ ಬೇಕಾದಷ್ಟನ್ನು ತಾನೇ ಕೊರೆದು ತಿನ್ನುತ್ತದೆ. ಅದು ಒಲ್ಲದ ಮನೆಗಳವರು ಪಶುವೈದ್ಯರಿಂದ ಕ್ಯಾಲ್ಸಿಯಂ ಹನಿಯನ್ನು ಪಡೆಯಬಹುದು. ಸುಣ್ಣದ ಅಂಶ ಮೈಗೆ ಹತ್ತಲು ಬಿಸಿಲು ಬೇಕು, ಅದೂ ನೇರ ಬಿಸಿಲು; ಕಿಟಕಿಯ ಗಾಜಿನೊಳಗಿಂದ ಬಂದುದು ಪ್ರಯೋಜನವಿಲ್ಲ. ಎಳೆಬಿಸಿಲಿನಲ್ಲಿ ಅರ್ಧ ತಾಸು, ಪಂಜರದ ಒಂದು ಬದಿಗೆ ನೆರಳಿರುವಂತೆ, ಬೆಕ್ಕು ಕಾಗೆಗಳಿಗೆ ಕಾವಲಿದ್ದು ಇಡಬೇಕು. ಚೈತ್ರ-ವೈಶಾಖಗಳ ನಮ್ಮ ಬಿಸಿಲು ಒಂಬತ್ತು ಗಂಟೆಯೊಳಗೇ ಉಗ್ರವಾಗುವುದರಿಂದ, ಆ ದಿನಗಳಲ್ಲಿ ಪಂಜರವನ್ನು ಎಂಟರ ಬದಲು ಏಳಕ್ಕೇ ಹೊರತಂದು ಸಂಜೆ ಐದಕ್ಕೆ ಒಳಗಿಡಿರಿ.

ಇಲ್ಲೊಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಕ್ಯಾಲ್ಸಿಯಂ ಎಂದೊಡನೆ ಶಂಖಭಸ್ಮ, ಗೋದಂತಿ, ಕುಕ್ಕುಟಾಂಡತ್ವಕ್ ಭಸ್ಮಗಳನ್ನು ಚಿಟಿಕೆಯಷ್ಟು ಕೊಡಲೇ ಎಂದು ಕೇಳುವವರಿದ್ದಾರೆ. ಕೊಡಕೂಡದು. 60 ಕಿಲೋ ತೂಕದ ಮನುಷ್ಯನು 90 ಗ್ರಾಂ ಹಕ್ಕಿಗಿಂತ ಆರುನೂರು ಪಟ್ಟಿಗೂ ಹೆಚ್ಚು ಭಾರ. ನಮ್ಮ ಚಿಟಿಕೆಯೆಂಬುದು ಅದಕ್ಕೆ ಬೊಗಸೆ. ಆಯುರ್ವೇದವೆಂದ ಮಾತ್ರಕ್ಕೆ ಯಾರಿಗೆ ಎಷ್ಟು ಕೊಟ್ಟರೂ ನಡೆದೀತೆಂಬ ನಂಬಿಕೆಯನ್ನು ನಾವು ರೋಗಿಗಳಲ್ಲಿಯೂ ತಡೆಯುತ್ತ ಬಂದಿದ್ದೇವೆ.

ತತ್ತಿ ಸಿಕ್ಕಿಕೊಂಡ ಹಕ್ಕಿಯನ್ನು ಗುರುತಿಸುವುದು ಕಷ್ಟವಲ್ಲ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂಡುತ್ತದೆ, ಮುಕ್ಕುತ್ತದೆ, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತದೆ, ಕಾಲು ಸ್ವಾಧೀನ ತಪ್ಪಿ ಕೋಲಿನ ಮೇಲೆ ನಿಲ್ಲಲಾರದು. ಇಂಥ ಸ್ಥಿತಿಯಲ್ಲಿ ನಾಳೆ ನೋಡೋಣ ಎನ್ನುವಂತಿಲ್ಲ. ಕೆಲವೇ ತಾಸುಗಳಲ್ಲಿ ಪ್ರಾಣ ಹೋಗಬಹುದು. ನಮಗೆ ತಿಳಿದ ಒಂದು ಮನೆಯಲ್ಲಿ ಹಿರಿಯರು ಔಡಲೆಣ್ಣೆ ಹಚ್ಚಿ, ಬೆರಳಿನಿಂದ ಹೊಟ್ಟೆ ಒತ್ತಿ ತತ್ತಿ ತೆಗೆಯಲು ನೋಡಿದರು. ತತ್ತಿ ಒಳಗೇ ಒಡೆದು ಹಕ್ಕಿ ಮರುದಿನ ಸತ್ತಿತು. ಅವರ ಅಂತಃಕರಣದಲ್ಲಿ ಕೊರತೆಯಿರಲಿಲ್ಲ, ಆದರೆ ಆ ಕೆಲಸ ಮನೆಯಲ್ಲಿ ಮಾಡುವಂಥದಲ್ಲ. ಪಶುವೈದ್ಯರು ಎಕ್ಸರೇ ತೆಗೆದು ತತ್ತಿ ಎಲ್ಲಿದೆಯೆಂದು ನೋಡಿ, ಕ್ಯಾಲ್ಸಿಯಂ ಚುಚ್ಚುಮದ್ದು ಕೊಟ್ಟು, ಬೇಕಾದರೆ ತಾವೇ ತೆಗೆಯುತ್ತಾರೆ. ಇಷ್ಟೆಲ್ಲ ಎಚ್ಚರ ವಹಿಸಿಯೂ ವರ್ಷಕ್ಕೆ ಎರಡು ಸರಣಿ ಮೀರಿ ತತ್ತಿಯಿಡುವ ಹಕ್ಕಿಗೆ ಹಾರ್ಮೋನಿನ ಚಿಕಿತ್ಸೆಯೂ ಉಂಟು.

ಎಲ್ಲ ಪಶುವೈದ್ಯರೂ ಪಂಜರದ ಹಕ್ಕಿಗಳನ್ನು ನೋಡುವುದಿಲ್ಲವಾದ್ದರಿಂದ, ಬಾಗಲಕೋಟೆಯಲ್ಲಿ ನೋಡುವವರು ಯಾರೆಂದು ಹಕ್ಕಿ ಚೆನ್ನಾಗಿರುವಾಗಲೇ ವಿಚಾರಿಸಿ ದೂರವಾಣಿ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಅದೇ ಕ್ಯಾಲೆಂಡರಿನಲ್ಲಿ ತತ್ತಿಯಿಟ್ಟ ದಿನಗಳನ್ನು ಗುರುತು ಹಾಕುತ್ತ ಬಂದರೆ ವೈದ್ಯರಿಗೆ ಅರ್ಧ ಕೆಲಸವಾದಂತೆ. ಒಯ್ಯುವಾಗ ಮೋಟರ್‌ಸೈಕಲ್ಲಿನ ಗಾಳಿಗೆ ಒಡ್ಡಬೇಡಿರಿ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದು ಮೂಲೆಗಿಟ್ಟು, ಹಕ್ಕಿ ಬೇಕಾದರೆ ಅದರ ಹತ್ತಿರ, ಬೇಡವಾದರೆ ದೂರ ಸರಿಯುವಷ್ಟು ಜಾಗ ಬಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ಯಿರಿ.