ದುರ್ಯೋಧನನ ಪಾರ್ಟು ಎಷ್ಟಕ್ಕೆ?

ಸೋಮನಹಳ್ಳಿ: ರಾಜಕೀಯ ಬಲ್ಲವರಿಗೆ ಮದ್ದೂರು ತಾಲ್ಲೂಕಿನ ಈ ಊರು ಎಸ್.ಎಂ. ಕೃಷ್ಣ ಹುಟ್ಟಿದ ಊರು. ಆದರೆ ಬಸ್‌ಸ್ಟಾಪಿನಲ್ಲಿ ಕೈ ಹಿಂದೆ ಕಟ್ಟಿ ನಿಂತ ಹುಡುಗರ ಬಾಯಲ್ಲಿ ಬರುವುದು ವಿಧಾನಸೌಧವಲ್ಲ, ಸಿನಿಮಾ! ಕೂದಲು ಸ್ವಲ್ಪ ಉದ್ದ ಬಿಟ್ಟವನನ್ನು ಕಂಡರೆ ಸಾಕು, 'ಏನ್ಲಾ, ಅಂಬರೀಸಣ್ಣ ಆಗಕ್ಕೊಂಟಿದ್ದೀಯಾ?' ಎಂದು ಹಿರಿಯರು ಕೆಣಕುತ್ತಾರೆ. ಹುಡುಗ ನಾಚಿಕೊಳ್ಳುತ್ತಾನೆ. ಆದರೆ ಇಲ್ಲ ಅನ್ನುವುದಿಲ್ಲ.

(ಸಿನಿಮಾ ನಟನ ಬೆಲೆ ಏನೆಂಬುದು ಈ ಊರಿಗೆ ಬೇರೆ ರೀತಿಯಲ್ಲೂ ಗೊತ್ತು. 2000ದ ಜುಲೈ 30ರಂದು ವೀರಪ್ಪನ್ ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಎತ್ತಿಕೊಂಡು ಹೋದಾಗ ಮುಖ್ಯಮಂತ್ರಿ ಕುರ್ಚಿಯಲ್ಲಿದ್ದವರು ಇದೇ ಕೃಷ್ಣ. 108 ದಿನ ಆ ಕುರ್ಚಿ ಮುಳ್ಳಾಗಿತ್ತು.)

ಈ ಸೀಮೆಯ ಹುಡುಗ ಬಣ್ಣ ಹಚ್ಚುವುದು ಹೇಗೆ? ಮೊದಲನೇ ಬಣ್ಣ ಊರಲ್ಲೇ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವಾಗ, ಇಲ್ಲವೇ ಊರಹಬ್ಬ ಹತ್ತಿರ ಬಂದಾಗ 'ಕುರುಕ್ಷೇತ್ರ' ಆಡಬೇಕು ಅಂತ ಹತ್ತಾರು ಜನ ಕೂಡುತ್ತಾರೆ. ಡ್ರಾಮಾ ಮೇಷ್ಟ್ರನ್ನು ಕರೆಸುತ್ತಾರೆ. ಮೇಷ್ಟ್ರು ಹಾರ್ಮೋನಿಯಂ ಬಿಚ್ಚಿ ಒಬ್ಬೊಬ್ಬರ ಕಂಠ ನೋಡುತ್ತಾರೆ. ಆಮೇಲೆ ನೋಡುವುದು ಜೇಬು!

ಹೌದು. ಮಂಡ್ಯ ಸೀಮೆಯ ಪೌರಾಣಿಕ ನಾಟಕದಲ್ಲಿ ಪಾರ್ಟು ಮಾಡುವವನೇ ದುಡ್ಡು ಕೊಡಬೇಕು. ದುರ್ಯೋಧನ, ಕೃಷ್ಣ, ಕರ್ಣ, ಭೀಮ ಎಂದರೆ ದೊಡ್ಡ ರೇಟು. ನಕುಲ, ಸಹದೇವ, ದ್ವಾರಪಾಲಕ ಎಂದರೆ ಸಣ್ಣದು. ಇಬ್ಬರು ದುಡ್ಡಿದ್ದವರು ಒಂದೇ ಪಾರ್ಟಿಗೆ ಗಂಟುಬಿದ್ದರೆ ಮೇಷ್ಟ್ರು ಜಗಳಕ್ಕೆ ಬಿಡುವುದಿಲ್ಲ. ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಭಗವಂತನನ್ನೇ ಭಾಗ ಮಾಡಿ ಹಂಚುತ್ತಾರೆ. ರಾತ್ರಿ ಹನ್ನೆರಡರವರೆಗೆ ಒಬ್ಬ, ಬೆಳಗಿನ ಜಾವಕ್ಕೆ ಇನ್ನೊಬ್ಬ.

ಆ ದುಡ್ಡು ಎಲ್ಲಿ ಹೋಗುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಮೇಷ್ಟ್ರ ಸಂಬಳ, ಬಾಡಿಗೆ ಸೀನರಿ, ಕಿರೀಟ ಗದೆ, ಮೈಕು ಲೈಟು, ಎಲ್ಲರ ಫೋಟೋ ಹಾಕಿದ ಪಾಂಪ್ಲೆಟ್ಟು. ಮತ್ತೆ ಹೊರಗಿನಿಂದ ಕರೆಸುವ ಹೆಂಗಸರ ಸಂಭಾವನೆ. ಇದೊಂದು ತಮಾಷೆ ನೋಡಿ: ಒಂದೇ ಸ್ಟೇಜಿನ ಮೇಲೆ ದುಡ್ಡು ಕೊಟ್ಟು ಅಬ್ಬರಿಸುವವನು ದುರ್ಯೋಧನ, ದುಡ್ಡು ಎಣಿಸಿಕೊಂಡು ಅಭಿನಯಿಸುವವಳು ದ್ರೌಪದಿ. ಕಸುಬು ಅಂತ ನಟನೆಯನ್ನು ಹಿಡಿದವಳು ಅಲ್ಲಿ ಆಕೆ ಒಬ್ಬಳೇ! ಆದರೆ ಮೀಸೆ ತಿರುವಿ, ಸೋದರಮಾವನ ಕೈಯಲ್ಲಿ ಹಾರ ಹಾಕಿಸಿಕೊಂಡು, 'ಒನ್ಸ್ ಮೋರ್' ಕೂಗಿಸಿಕೊಳ್ಳುವವನು ದುರ್ಯೋಧನ. ಮನೆಯಲ್ಲಿ ಕುರಿ ಮಾರಿದ ಲೆಕ್ಕವನ್ನು ಆವತ್ತು ಯಾರೂ ಕೇಳುವುದಿಲ್ಲ.

ಇದರಲ್ಲಿ ಮೋಸವಿಲ್ಲ. ಕೊಟ್ಟವನಿಗೆ ಒಂದು ರಾತ್ರಿಯ ರಾಜ್ಯ ಸಿಕ್ಕಿತು, ಊರಿಗೆ ನಾಟಕ ಸಿಕ್ಕಿತು. ಪೀಕಲಾಟ ಶುರುವಾಗುವುದು ಮಾರನೇ ದಿನ. 'ನಿನ್ನ ಕಂಠಕ್ಕೆ ನೀನು ಸಿನಿಮಾಕ್ಕೆ ಹೋಗ್ಬೇಕು ಕಣ್ಲಾ' ಅಂತ ಯಾರೋ ಒಬ್ಬರು ಹೇಳಿರುತ್ತಾರೆ. ಹುಡುಗ ಬೆಂಗಳೂರಿನ ಬಸ್ಸು ಹತ್ತಿ ಗಾಂಧಿನಗರದಲ್ಲಿ ಇಳಿಯುತ್ತಾನೆ. ಚಾನ್ಸು ಕೊಡಿಸುವವನು ಟೀ ಅಂಗಡಿ ಮುಂದೆಯೇ ಸಿಗುತ್ತಾನೆ. ಈಗ ಅವನು ಮೊಬೈಲಿನೊಳಗೇ ಬರುತ್ತಾನೆ, ಬಸ್ ಚಾರ್ಜೂ ಬೇಡ. ಫೋಟೋ ತೆಗೆಸಬೇಕು, ಆಮೇಲೆ ಕಾರ್ಡು ಮಾಡಿಸಬೇಕು, ಹೀರೋ ತಮ್ಮನ ಪಾರ್ಟು ಇದೆ, ಇಷ್ಟು ಕೊಡಬೇಕು... ಬೇರೆ ಸೀಮೆಯ ಹುಡುಗ ಇಲ್ಲಿ ಹಿಂದೆ ಸರಿದಾನು. ನಮ್ಮವನು ಸರಿಯುವುದಿಲ್ಲ. ಯಾಕೆಂದರೆ ಪಾರ್ಟಿಗೆ ದುಡ್ಡು ಕೊಡುವುದು ಅವನು ಚಿಕ್ಕಂದಿನಿಂದ ಕಂಡ ಪದ್ಧತಿ. ಅಪ್ಪ ಕೊಟ್ಟಿದ್ದಾನೆ, ದೊಡ್ಡಪ್ಪ ಕೊಟ್ಟಿದ್ದಾನೆ! ಊರಲ್ಲಿ ಕೊಟ್ಟದ್ದಕ್ಕೆ ಸೀನರಿ ಎದ್ದು ನಿಲ್ಲುತ್ತಿತ್ತು. ಇಲ್ಲಿ ಕೊಟ್ಟದ್ದಕ್ಕೆ ಫೋನು ಸ್ವಿಚ್ ಆಫ್ ಆಗುತ್ತದೆ. ಮರ್ಯಾದೆಗೆ ಅಂಜಿ ಪೊಲೀಸ್ ಸ್ಟೇಷನ್ ಮೆಟ್ಟಿಲನ್ನೂ ಹತ್ತುವುದಿಲ್ಲ.

ಇನ್ನು ಅಂಬರೀಶ್ ವಿಚಾರ. ಇದೇ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರು, ಹೆಸರು ಅಮರನಾಥ್. ಪಿಟೀಲು ಚೌಡಯ್ಯನವರ ಮೊಮ್ಮಗ. ಪುಟ್ಟಣ್ಣ ಕಣಗಾಲ್ 'ನಾಗರಹಾವು' ಚಿತ್ರಕ್ಕೆ ಹೊಸ ಮುಖ ಹುಡುಕುತ್ತಿದ್ದಾಗ ಗೆಳೆಯರೊಬ್ಬರು ಇವರ ಹೆಸರು ಹೇಳಿದರು, ಸಿಗರೇಟು ಎಸೆದು ಬಾಯಲ್ಲಿ ಹಿಡಿಯುವ ಸ್ಟೈಲಿಗೆ ಪುಟ್ಟಣ್ಣ ಒಪ್ಪಿದರು ಎಂಬ ಕಥೆ ಮಂಡ್ಯದ ಎಲ್ಲ ಹುಡುಗರಿಗೂ ಬಾಯಿಪಾಠ. ಸಿಗರೇಟು ಎಸೆಯುವುದನ್ನು ಕಲಿತವರೂ ಬೇಕಾದಷ್ಟು ಮಂದಿ. ಆದರೆ ಕಥೆಯ ಮುಂದಿನ ಭಾಗ ಯಾರಿಗೂ ಬೇಡ. 1972ರ ಆ ಚಿತ್ರದಲ್ಲಿ ಜಲೀಲನ ಪಾತ್ರ ಚಿಕ್ಕದು. ಹೀರೋ ಆದವರು ವಿಷ್ಣುವರ್ಧನ್, ಅವರೂ ಹೊಸಬರೇ. ಆಮೇಲೆ ಅಂಬರೀಶ್ 'ಶುಭಮಂಗಳ', 'ಪಡುವಾರಳ್ಳಿ ಪಾಂಡವರು' ಅಂತ ಸಿಕ್ಕಿದ್ದು ಮಾಡಿದರು. ಬಹಳ ಚಿತ್ರಗಳಲ್ಲಿ ವಿಲನ್ ಆಗಿ ಒದೆ ತಿಂದರು. ರಾಜೇಂದ್ರಸಿಂಗ್ ಬಾಬು ಅವರ 'ಅಂತ' ಬಂದು ಜನ ಹುಚ್ಚೆದ್ದದ್ದು 1981ರಲ್ಲಿ. ನಡುವೆ ಒಂಬತ್ತು ವರ್ಷ! ಅಷ್ಟು ದೊಡ್ಡ ತಾತನ ಮೊಮ್ಮಗನಿಗೇ ಒಂಬತ್ತು ವರ್ಷ. ಆ ತಾತನೂ 1943ರಲ್ಲಿ 'ವಾಣಿ' ಎಂಬ ಚಿತ್ರಕ್ಕೆ ಕೈ ಹಾಕಿದವರೇ. ಅದು ಬೇರೆ ಕಥೆ.

ರಾಜ್‌ಕುಮಾರ್ ಕೂಡ ಒಂದೇ ದಿನದಲ್ಲಿ ಆದವರಲ್ಲ. ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ಕಂಪನಿಯಲ್ಲಿ ಬೆಳೆದು, ಸಣ್ಣಪುಟ್ಟ ಪಾರ್ಟು ಮಾಡಿ ಮಾಡಿ, 1954ರ 'ಬೇಡರ ಕಣ್ಣಪ್ಪ'ಕ್ಕೆ ಬಂದವರು. ಕಂಪನಿ ಎಂದರೆ ಊಟ, ಪಾಠ, ಸಂಬಳ ಎಲ್ಲ ಒಂದೇ ಕಡೆ. ಕಂಪನಿಗಳ ಆ ವೈಭವ ಈಗ ಇಲ್ಲ. ಆ ಜಾಗಕ್ಕೆ ಬಂದದ್ದು ಶಾಲೆಗಳು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ರಂಗಾಯಣ ಹುಟ್ಟಿತು, ಅಲ್ಲೂ ರಂಗಶಿಕ್ಷಣವಿದೆ. ಅರ್ಜಿ ಕರೆಯುತ್ತಾರೆ, ಸಂದರ್ಶನ ಮಾಡುತ್ತಾರೆ, ಆಯ್ದುಕೊಳ್ಳುತ್ತಾರೆ. ನಡುವೆ ಬ್ರೋಕರ್ ಇಲ್ಲ. ಬೆಳಿಗ್ಗೆ ಎದ್ದು ಕಸರತ್ತು ಮಾಡಬೇಕು, ಕಸ ಗುಡಿಸಬೇಕು, ಸೆಟ್ಟಿಗೆ ಮೊಳೆ ಹೊಡೆಯಬೇಕು. ಕುರುಕ್ಷೇತ್ರದ ದುರ್ಯೋಧನನಿಗೆ ಇದು ಅವಮಾನ ಅನ್ನಿಸಬಹುದು.

ಅನ್ನಿಸದೆ ಹೋದವರೂ ಇದ್ದಾರೆ. ಮಂಡ್ಯ ರಮೇಶ್ ನೀನಾಸಂನಲ್ಲಿ ಕಲಿತು, ರಂಗಾಯಣದಲ್ಲಿ ದುಡಿದು ಸಿನಿಮಾಕ್ಕೆ ಬಂದವರು. ಮೈಸೂರಿನಲ್ಲಿ 'ನಟನ' ಕಟ್ಟಿ ಈಗ ಬೇರೆ ಹುಡುಗರಿಗೆ ಕಲಿಸುತ್ತಿದ್ದಾರೆ. ಇದೇ ಜಿಲ್ಲೆಯ ಹಳ್ಳಿಯಿಂದ ಹೆಗ್ಗೋಡಿಗೆ ಹೋದ ಸತೀಶ್ ಶಾಲೆಯ ಹೆಸರನ್ನೇ ತಮ್ಮ ಹೆಸರಿಗೆ ಅಂಟಿಸಿಕೊಂಡರು. ಯೋಗರಾಜ್ ಭಟ್ಟರ ಚಿತ್ರಗಳಲ್ಲಿ ಚಿಕ್ಕ ಪಾರ್ಟು ಮಾಡಿಕೊಂಡಿದ್ದು 2013ರ 'ಲೂಸಿಯಾ'ದಲ್ಲಿ ಹೀರೋ ಆದರು. ಆ ಚಿತ್ರಕ್ಕೆ ದುಡ್ಡು ಹಾಕಿದ್ದು ಪ್ರೇಕ್ಷಕರು, ನಟನಲ್ಲ!

ಹಾಗಂತ ಶಾಲೆಗೆ ಹೋದವರೆಲ್ಲ ಹೀರೋ ಆಗುವುದಿಲ್ಲ. ಕೆಲವರು ಟಿವಿ ಸೀರಿಯಲ್ಲಿನಲ್ಲಿ ದಿನಗೂಲಿ ಲೆಕ್ಕದಲ್ಲಿ ಪಾರ್ಟು ಮಾಡುತ್ತಾರೆ, ಕೆಲವರು ಸ್ಕೂಲು ಮಕ್ಕಳಿಗೆ ನಾಟಕ ಕಲಿಸುತ್ತಾರೆ, ಕೆಲವರು ಊರಿಗೆ ವಾಪಸ್ಸು ಬಂದು ಗದ್ದೆಗೆ ನೀರು ಕಟ್ಟುತ್ತಾರೆ. ಆದರೆ ಸಾಲ ತೀರಿಸಲು ಅದೇ ಗದ್ದೆಯನ್ನು ಮಾರಿರುವುದಿಲ್ಲ.

ಮೈಸೂರಿನ ಬಸ್ಸೂ ಬೆಂಗಳೂರಿನ ಬಸ್ಸೂ ಸೋಮನಹಳ್ಳಿಯ ಹುಡುಗನಿಗೆ ಒಂದೇ ರಸ್ತೆಯಲ್ಲಿ ಸಿಗುತ್ತವೆ, ನಿಲ್ಲಬೇಕಾದ ಬದಿ ಮಾತ್ರ ಬೇರೆ. ಸದ್ಯಕ್ಕೆ ಹೆಚ್ಚು ಜನ ನಿಲ್ಲುವುದು ಬೆಂಗಳೂರಿನ ಕಡೆಗೇ.