ಹಲವು ಯಂತ್ರಗಳಿಗೆ ಒಂದೇ ಕರ್ನಲ್

ಗಣಕದ ಯಂತ್ರಾಂಶಕ್ಕೂ ಅದರಲ್ಲಿ ನಡೆಯುವ ತಂತ್ರಾಂಶಗಳಿಗೂ ನಡುವೆ ನಿಂತು, ಪ್ರೊಸೆಸರಿನ ಕಾಲವನ್ನೂ ಮೆಮೊರಿಯನ್ನೂ ಹಂಚಿಕೊಡುವ ಭಾಗಕ್ಕೆ ಕರ್ನಲ್ ಎಂದು ಹೆಸರು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳು ಇದೇ. ಪರಸ್ಪರ ಭಿನ್ನವಾದ ಯಂತ್ರಗಳಿಗೆ ಒಂದೇ ಕರ್ನಲ್ ಒಗ್ಗಿದ ಬಗೆಯನ್ನು ಚರಿತ್ರೆಯ ದೃಷ್ಟಿಯಿಂದ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಆದಿಯಲ್ಲಿ ಕರ್ನಲ್ ತಾನು ಹುಟ್ಟಿದ ಯಂತ್ರಕ್ಕೇ ಬದ್ಧವಾಗಿದ್ದಿತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಹುಟ್ಟಿದ ಯುನಿಕ್ಸನ್ನು 1973ರಲ್ಲಿ ಸಿ ಭಾಷೆಯಲ್ಲಿ ಪುನಃ ರಚಿಸಿದ ಮೇಲೆಯೇ ಅದನ್ನು ಅನ್ಯ ಯಂತ್ರಗಳಿಗೆ ಒಯ್ಯುವ ಮಾರ್ಗ ಸುಗಮವಾಯಿತು. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸ್ ಕೂಡ ಮೊದಲು ಇಂಟೆಲ್ 80386 ಪ್ರೊಸೆಸರಿಗೆಂದೇ ರಚಿತವಾಗಿದ್ದಿತು.

ಮುಂದೆ ಲಿನಕ್ಸ್ ಅನೇಕ ಪ್ರೊಸೆಸರುಗಳಿಗೆ ವಿಸ್ತರಿಸಿತಾದರೂ, ಮೊಬೈಲ್ ಫೋನುಗಳಲ್ಲಿ ಬಳಕೆಯಾಗುವ ಆರ್ಮ್ ಪ್ರೊಸೆಸರುಗಳ ವಿಷಯದಲ್ಲಿ ಹೊಸದೊಂದು ತೊಡಕು ತಲೆದೋರಿತು. ಸಾಮಾನ್ಯ ಗಣಕದಲ್ಲಿ ಪಿಸಿಐ ಮೊದಲಾದ ವ್ಯವಸ್ಥೆಗಳ ಮೂಲಕ ಉಪಕರಣಗಳು ತಮ್ಮ ಗುರುತನ್ನು ತಾವೇ ತಿಳಿಸುತ್ತವೆ. ಆರ್ಮ್ ಚಿಪ್ಪುಗಳೊಳಗಿನ ಅನೇಕ ಉಪಕರಣಗಳಿಗೆ ಈ ಸೌಕರ್ಯವಿಲ್ಲ. ಯಾವುದು ಯಾವ ವಿಳಾಸದಲ್ಲಿದೆ ಎಂಬುದನ್ನು ಕರ್ನಲಿಗೆ ಮೊದಲೇ ತಿಳಿಸಬೇಕು. ಆದುದರಿಂದ ಒಂದೊಂದು ಬಗೆಯ ಬೋರ್ಡಿನ ವಿವರವನ್ನೂ ಕರ್ನಲಿನೊಳಗೇ ಬರೆಯುವ ರೂಢಿ ಬೆಳೆಯಿತು. ಒಂದು ಯಂತ್ರಕ್ಕೆ ಸಿದ್ಧಪಡಿಸಿದ ಕರ್ನಲ್ ಮತ್ತೊಂದರಲ್ಲಿ ನಡೆಯದಾಯಿತು. 2011ರಲ್ಲಿ ಟೊರ್ವಾಲ್ಡ್ಸ್ ಈ ಅವ್ಯವಸ್ಥೆಯನ್ನು ಬಹಿರಂಗವಾಗಿಯೇ ಆಕ್ಷೇಪಿಸಿದರು.

ಇದಕ್ಕೆ ದೊರೆತ ಪರಿಹಾರವೇ ‘ಡಿವೈಸ್ ಟ್ರೀ’. ಪವರ್‌ಪಿಸಿ ಯಂತ್ರಗಳಲ್ಲಿ ಮೊದಲೇ ರೂಢಿಯಲ್ಲಿದ್ದ ಈ ಕ್ರಮದಲ್ಲಿ ಯಂತ್ರದ ವಿವರ ಪ್ರತ್ಯೇಕ ಕಡತವೊಂದರಲ್ಲಿರುತ್ತದೆ. ಯಂತ್ರ ಆರಂಭವಾಗುವಾಗ ಬೂಟ್‌ಲೋಡರ್ ಅದನ್ನು ಕರ್ನಲಿಗೆ ಒಪ್ಪಿಸುತ್ತದೆ. ಕರ್ನಲ್ ಅದನ್ನು ಓದಿ, ತಕ್ಕ ಡ್ರೈವರುಗಳನ್ನು ಆರಿಸಿಕೊಳ್ಳುತ್ತದೆ. 2012ರ ಡಿಸೆಂಬರಿನಲ್ಲಿ ಹೊರಬಂದ ಲಿನಕ್ಸ್ 3.7ರಿಂದ ಹಲವು ಆರ್ಮ್ ಯಂತ್ರಗಳಿಗೆ ಒಂದೇ ಕರ್ನಲನ್ನು ಸಿದ್ಧಪಡಿಸುವುದು ಸಾಧ್ಯವಾಯಿತು.

ಇದು ಕೇವಲ ತಂತ್ರಜ್ಞರ ಅನುಕೂಲದ ಮಾತಲ್ಲ. ಕರ್ನಲಿನ ಭದ್ರತಾದೋಷವನ್ನು ಮೂಲದಲ್ಲಿ ಒಮ್ಮೆ ತಿದ್ದಿದರೆ, ಆ ಮೂಲವನ್ನು ಅನುಸರಿಸುವ ಯಂತ್ರಗಳಿಗೆಲ್ಲ ಅದು ತಲುಪಬಲ್ಲದು. ಮೂಲದಿಂದ ಕವಲೊಡೆದು ದೂರ ಸರಿದ ಪ್ರತಿಗಳಿಗಾದರೋ ಆ ತಿದ್ದುಪಡಿಯನ್ನು ಪ್ರತ್ಯೇಕವಾಗಿ ಒಯ್ಯಬೇಕು. ಒಯ್ಯುವವರಿಲ್ಲದಿದ್ದರೆ ಸವೆಯದ ಫೋನೂ ಸುರಕ್ಷಿತವಾಗಿ ಉಳಿಯದು.

ಈ ಐಕ್ಯಕ್ಕೂ ಮಿತಿಯುಂಟು. ಲಿನಕ್ಸ್ ಯಾವ 80386ಕ್ಕಾಗಿ ಹುಟ್ಟಿತೋ ಅದಕ್ಕಿದ್ದ ಬೆಂಬಲವನ್ನೇ 2013ರ 3.8ನೆಯ ಆವೃತ್ತಿಯಲ್ಲಿ ಕೈಬಿಡಲಾಯಿತು. ಭೇದಗಳನ್ನು ವಿವರಣೆಗೆ ಒಪ್ಪಿಸಿ, ಸಾಮಾನ್ಯವಾದುದನ್ನು ತನ್ನಲ್ಲಿ ಉಳಿಸಿಕೊಂಡುದರಿಂದ ಕರ್ನಲ್ ಒಂದಾಗಿ ಉಳಿಯಿತು. ಆದರೆ ಅದರಲ್ಲಿ ಒಂದು ಯಂತ್ರದ ಸ್ಥಾನ ಉಳಿಯುವುದು ಅದನ್ನು ಪೋಷಿಸುವವರು ಇರುವವರೆಗೆ ಮಾತ್ರವೆಂದು ನಾವು ಭಾವಿಸುತ್ತೇವೆ.